287ರ ಎಕ್ಸಿಟ್ ಲೆಕ್ಕ

ನಮ್ಮ ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಕೆಲಸ ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್‌ನಲ್ಲಿ. ಎರಡನ್ನೂ ಜೋಡಿಸುವುದು ಇಂಟರ್‌ಸ್ಟೇಟ್ 287 ಹೆದ್ದಾರಿ. ನ್ಯೂಯಾರ್ಕ್ ನಗರದ ಗದ್ದಲಕ್ಕೆ ಸಿಗದೆ ಹೊರಗಿಂದಲೇ ಸುತ್ತಿ ಹೋಗುವ ರಸ್ತೆ. ಫೋನು ದಾರಿ ಹೇಳುತ್ತದೆ, ನಿಜ. ಆದರೂ ನಾನು ಇದನ್ನು ನಂಬರ್ ಹಿಡಿದೇ ಕಲಿತೆ. ಹಾಗೆ ಕಲಿತರೆ ಗಾಬರಿ ಇರುವುದಿಲ್ಲ.

ನ್ಯೂಜೆರ್ಸಿಯಲ್ಲಿ ಎಕ್ಸಿಟ್ (ಹೆದ್ದಾರಿಯಿಂದ ಹೊರಬೀಳುವ ದಾರಿ) ನಂಬರ್ ಅಂದರೆ ಮೈಲಿ. ಎಡಿಸನ್ ಕಡೆಯಿಂದ ಎಣಿಕೆ ಶುರು. ಇಂಟರ್‌ಸ್ಟೇಟ್ 78 ಸಿಗುವುದು ಎಕ್ಸಿಟ್ 21ರಲ್ಲಿ, ಇಂಟರ್‌ಸ್ಟೇಟ್ 80 ಸಿಗುವುದು 41ರಲ್ಲಿ. ಕಳೆದರೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್. ನಡುವೆ 37ರಲ್ಲಿ ರೂಟ್ 24. ಆಫೀಸಿನಿಂದ ನೇರವಾಗಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಹೋಗಬೇಕಾದರೆ ನಾನು ಇಲ್ಲೇ ಇಳಿದು, 24ರಿಂದ 78 ಹಿಡಿಯುತ್ತೇನೆ.

ಗಮನ ಜಾಸ್ತಿ ಬೇಕಾದದ್ದು ರಾಜ್ಯದ ಗಡಿಯಲ್ಲಿ. ಎಕ್ಸಿಟ್ 66ರಲ್ಲಿ ರೂಟ್ 17 ಬಂದು ಸೇರುತ್ತದೆ. ಅದಾದ ಮೇಲೆ ಸಫರ್ನ್ ಹತ್ತಿರ ನ್ಯೂಯಾರ್ಕ್ ಥ್ರೂವೇ ಎಂಬ ಟೋಲ್ ಹೆದ್ದಾರಿ. ಒಂದು ಕವಲು ಆಲ್ಬನಿಗೆ, ಇನ್ನೊಂದು ಟ್ಯಾಪನ್ ಝೀ ಸೇತುವೆಗೆ. ಅಲ್ಲಿಯವರೆಗೆ ಬೋರ್ಡಿನಲ್ಲಿ "287 ನಾರ್ತ್" ಎಂದಿದ್ದದ್ದು ಇಲ್ಲಿಂದ "ಈಸ್ಟ್" ಆಗುತ್ತದೆ. ರಸ್ತೆ ಅದೇ. ನಂಬರ್ ಮಾತ್ರ ಥ್ರೂವೇಯದು. 66 ಆದ ಮೇಲೆ 15, ಆಮೇಲೆ ಇಳಿಯುತ್ತಾ 8ರವರೆಗೆ. ಎಲ್ಮ್ಸ್‌ಫರ್ಡ್‌ನಲ್ಲಿ ಥ್ರೂವೇ ಬಿಟ್ಟ ಮೇಲೆ ಮತ್ತೆ 1, 2, 3 ಎಂದು ಏರುತ್ತದೆ. ಹೊಸಬರಿಗೆ ಇದನ್ನು ಮೊದಲೇ ಹೇಳಿಬಿಡಬೇಕು, ಅಲ್ವಾ? ನ್ಯೂಯಾರ್ಕ್ ಕಡೆಯ ಈ ನಂಬರ್‌ಗಳು ಬರೀ ಸರದಿ, ಮೈಲಿ ಲೆಕ್ಕಕ್ಕೆ ಬರುವುದಿಲ್ಲ.

ಹಡ್ಸನ್ ನದಿಯ ಮೇಲಿನ ಈ ಟ್ಯಾಪನ್ ಝೀ ಸೇತುವೆ ಹೊಸದು. ಹಳೆಯದರ ಬದಲು ಕಟ್ಟಿದ್ದು, 2017 ಮತ್ತು 2018ರಲ್ಲಿ ಎರಡು ಹಂತವಾಗಿ ತೆರೆಯಿತು. ಅಧಿಕೃತ ಹೆಸರು ಮಾರಿಯೋ ಕ್ಯುಮೋ ಸೇತುವೆ. ಟೋಲ್ ಹೋಗುವಾಗ ಮಾತ್ರ, ವಾಪಸ್ ಬರುವಾಗ ಇಲ್ಲ. ನಗದು ಕೊಡುವ ಗೂಡು ಇಲ್ಲ, ಆದ್ದರಿಂದ ಟೋಲ್ ತಾನಾಗಿಯೇ ಕಟ್ಟುವ ಈಝೀಪಾಸ್ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮನೆ ಬದಲಿಸಲು ಬಾಡಿಗೆ ಟ್ರಕ್ ತಂದರೆ ಪ್ಯಾಲಿಸೇಡ್ಸ್, ಸ್ಪ್ರೇನ್ ಬ್ರೂಕ್, ಹಚಿನ್‌ಸನ್ ಎಂಬ ಪಾರ್ಕ್‌ವೇಗಳ ಎಕ್ಸಿಟ್ ಹಿಡಿಯಬೇಡಿ. ಅಲ್ಲಿ ಟ್ರಕ್‌ಗೆ ಅವಕಾಶ ಇಲ್ಲ, ಎಷ್ಟೋ ಕಡೆ ಮೇಲಿನ ಸೇತುವೆಗಳು ತೀರಾ ತಗ್ಗು. ಕಾರಿನ ದಾರಿ ತೋರಿಸುವ ಫೋನು ಅದನ್ನು ಎಚ್ಚರಿಸದೇ ಇರಬಹುದು. ಉತ್ತರಕ್ಕೆ ಹೋಗಬೇಕಾದರೆ ವೈಟ್ ಪ್ಲೇನ್ಸ್ ದಾಟಿ ಇಂಟರ್‌ಸ್ಟೇಟ್ 684 ಹಿಡಿಯಿರಿ, ಕನೆಕ್ಟಿಕಟ್‌ಗಾದರೆ ಕೊನೆಯವರೆಗೂ ಹೋಗಿ ಇಂಟರ್‌ಸ್ಟೇಟ್ 95.