ಎಡಕ್ಕೆ ಟಾಹೋ, ಬಲಕ್ಕೆ ಬಂಡೆ: ಫ್ಲೂಮ್ ಟ್ರೇಲ್‌ಗೆ ಗುಂಪು ಕಟ್ಟಿಕೊಂಡು ಹೋಗುವುದು

ಅಮೆರಿಕದ ಟಾಹೋ ಸರೋವರದ ನೆವಾಡಾ ಬದಿಯ ಬೆಟ್ಟದಲ್ಲಿ ಫ್ಲೂಮ್ ಟ್ರೇಲ್ ಇದೆ. ಬೇ ಏರಿಯಾದ ನಮ್ಮ ಕನ್ನಡ ಗೆಳೆಯರನ್ನು ಕರೆದುಕೊಂಡು ಬೇಸಿಗೆಯಲ್ಲಿ ನಾನು ಮೌಂಟನ್ ಬೈಕ್ ಸವಾರಿಗೆ ಹೋಗುವುದು ಅಲ್ಲಿಗೇ. ಟಾಹೋದ ನೀರೇ 1,897 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಸರೋವರ, ಅದರ ಮೇಲೆ ಇನ್ನೂ ಸುಮಾರು 450 ಮೀಟರ್ ಎತ್ತರದಲ್ಲಿ ನಮ್ಮ ಸೈಕಲ್ ಹಾದಿ. ಅಲ್ಲಿಂದ ಕೆಳಗೆ ನೋಡಿದರೆ ದಡದ ಹತ್ತಿರ ತಿಳಿ ಹಸಿರು, ಸ್ವಲ್ಪ ಮುಂದೆ ಕಡು ನೀಲಿ. ಆ ನೋಟಕ್ಕೆ ಎಷ್ಟು ದೂರದಿಂದ ಬಂದರೂ ಸರಿಯೇ.

ಈ ಹಾದಿಯ ಗುಣ ಅರ್ಥವಾಗಬೇಕಾದರೆ ಅದರ ಹುಟ್ಟು ಗೊತ್ತಿರಬೇಕು. 1870ರ ದಶಕದಲ್ಲಿ ನೆವಾಡಾದ ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳಿಗೆ ನೀರು ಬೇಕಾಗಿತ್ತು. ಈ ಬೆಟ್ಟಗಳಿಂದ ಅಲ್ಲಿಗೆ ನೀರು ಸಾಗಿಸಲು ಮರದ ಹಲಗೆಯ ಕಾಲುವೆ, ಅಂದರೆ ಫ್ಲೂಮ್, ಕಟ್ಟಿದರು. ಕಾಲುವೆ ಹೋಯಿತು, ಅದಕ್ಕಾಗಿ ಕೊರೆದ ಸಣ್ಣ ದಾರಿ ಉಳಿಯಿತು. 1980ರ ದಶಕದಲ್ಲಿ ಮ್ಯಾಕ್ಸ್ ಜೋನ್ಸ್ ಎಂಬ ಸೈಕಲ್ ಸವಾರರು ಅದನ್ನು ತೆರವು ಮಾಡಿ ಸೈಕಲ್ ಓಡುವಂತೆ ಮಾಡಿದರು. ನೀರು ಹರಿಯಲು ಮಾಡಿದ ದಾರಿಯಾದ್ದರಿಂದ ಏಳು ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು. ಕಾಲಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಕೆಲವು ಕಡೆ ಒಂದೇ ಸೈಕಲ್ ಹಿಡಿಸುವಷ್ಟು ಅಗಲ, ಎಡಕ್ಕೆ ನೇರ ಇಳಿಜಾರು. ಕಷ್ಟವೆಲ್ಲ ತಲೆಯೊಳಗೆ.

ಆದ್ದರಿಂದ ಗುಂಪಿಗೆ ಯಾರನ್ನು ಸೇರಿಸಿಕೊಳ್ಳಬೇಕು ಅಂತ ನೋಡುವಾಗ ನಾನು ಎರಡು ವಿಷಯ ನೋಡುತ್ತೇನೆ. ಏರು ಹತ್ತುವ ದಮ್ಮು ಇದೆಯಾ? ಇಕ್ಕಟ್ಟಿನಲ್ಲಿ ಭಯ ಆದಾಗ ಇಳಿದು ತಳ್ಳುವ ಮನಸ್ಸು ಇದೆಯಾ? ಮೊದಲನೆಯದಕ್ಕೆ ಫ್ರೀಮಾಂಟ್‌ನ ಮಿಷನ್ ಪೀಕ್ ಏರಿನಲ್ಲಿ ಎಲ್ಲರನ್ನೂ ಒಮ್ಮೆ ಹತ್ತಿಸುತ್ತೇನೆ. ಅದರ ಅರ್ಧದವರೆಗೆ ನಿಂತು ನಿಂತಾದರೂ ಹೋದವರು ಇಲ್ಲಿಗೂ ಬರಬಹುದು. ಎರಡನೆಯದನ್ನು ಅಲ್ಲೇ ಮಾತಾಡುತ್ತಾ ಕಂಡುಕೊಳ್ಳಬೇಕು. ಜೋರಾಗಿ ಓಡಿಸುವವರಿಗಿಂತ "ಇದು ನನ್ನ ಕೈಲಿ ಆಗಲ್ಲ, ಇಳೀತೀನಿ" ಅಂತ ನೇರವಾಗಿ ಹೇಳುವವರು ಈ ಹಾದಿಗೆ ವಾಸಿ. ಎಂಟು ಜನಕ್ಕಿಂತ ಜಾಸ್ತಿಯಾದರೆ ಎರಡು ಗುಂಪು ಮಾಡುತ್ತೇನೆ.

ಇನ್ನೊಂದು ಅಭ್ಯಾಸ ಮನೆಯ ಹತ್ತಿರವೇ ಮಾಡಿಸುತ್ತೇನೆ. ಊರಲ್ಲಿ ಸೈಕಲ್ ಕಲಿತ ನಮ್ಮಲ್ಲಿ ಹೆಚ್ಚಿನವರು ಇಳಿಯುವುದು ಎಡಗಡೆಗೆ. ಸವಾರಿ ಶುರುವಾಗುವ ಸ್ಪೂನರ್ ಲೇಕ್ ಕಡೆಯಿಂದ ಉತ್ತರಕ್ಕೆ ಹೋಗುವಾಗ ಎಡಗಡೆ ಇರುವುದು ಪ್ರಪಾತ! ಗಾಬರಿಯಾದಾಗ ಕಾಲು ತನ್ನಷ್ಟಕ್ಕೆ ಹಳೆಯ ಕಡೆಗೇ ಹೋಗುತ್ತದೆ. ಅದಕ್ಕೇ ಪಾರ್ಕಿಂಗ್ ಜಾಗದಲ್ಲಿ ಬಲಗಡೆ ಇಳಿಯುವುದನ್ನು ಮತ್ತೆ ಮತ್ತೆ ಮಾಡಿಸಬೇಕು. ನಿಧಾನ ಮಾಡು, ಬಲಗಾಲು ನೆಲಕ್ಕೆ, ಸೈಕಲನ್ನು ಬಲಕ್ಕೆ ವಾಲಿಸಿ ಎಡಗಾಲನ್ನು ಇತ್ತ ತೆಗೆದುಕೋ. ಮೊದಲು ವಿಚಿತ್ರ ಅನ್ನಿಸುತ್ತದೆ, ಆಮೇಲೆ ಒಗ್ಗುತ್ತದೆ. ಇಷ್ಟೇ ಮುಖ್ಯವಾದದ್ದು ಹ್ಯಾಂಡಲ್. ಪ್ರಪಾತಕ್ಕೆ ಹೆದರಿ ಜನ ಬಂಡೆಯ ಪಕ್ಕಕ್ಕೆ ಒತ್ತಿಕೊಂಡು ಹೋಗುತ್ತಾರೆ. ಬಲಗಡೆಯ ಹಿಡಿ ಬಂಡೆಗೆ ತಗುಲಿದರೆ ಮುಂದಿನ ಚಕ್ರ ಬಲಕ್ಕೆ ತಿರುಗಿ ಸವಾರ ಎಡಕ್ಕೆ ಎಸೆಯಲ್ಪಡುತ್ತಾನೆ. ಹಾದಿಯ ನಡುವೆಯೇ ಹೋಗಬೇಕು. ಕಣ್ಣು ನಾಲ್ಕೈದು ಮೀಟರ್ ಮುಂದೆ ಇರಬೇಕು, ನೀರಿನ ಮೇಲಲ್ಲ. ನೋಟ ಬೇಕಾದರೆ ನಿಲ್ಲಿಸಿ, ಇಳಿದು, ಬೇಕಾದಷ್ಟು ನೋಡಿ.

ವಾಹನದ ವ್ಯವಸ್ಥೆ ಸುಲಭ. ಸವಾರಿ ಮುಗಿಯುವುದು ಇನ್‌ಕ್ಲೈನ್ ವಿಲೇಜ್‌ನ ಟನಲ್ ಕ್ರೀಕ್ ಹತ್ತಿರ. ಕಾರು ಅಲ್ಲೇ ಬಿಟ್ಟು ಬೆಳಿಗ್ಗೆ ಶಟಲ್ ವ್ಯಾನ್‌ನಲ್ಲಿ ಸ್ಪೂನರ್‌ಗೆ ಹೋಗುತ್ತೇವೆ. ಸಂಜೆ ಸುಸ್ತಾದವರು ವ್ಯಾನ್‌ಗೆ ಕಾಯಬೇಕಾಗಿಲ್ಲ. ಜಾಗ ಮೊದಲೇ ಕಾದಿರಿಸಬೇಕು. ಹಿಮ, ಬಿದ್ದ ಮರ, ಅಣೆಕಟ್ಟಿನ ಕೆಲಸ ಅಂತ ಹಾದಿ ಮುಚ್ಚಿರುವುದೂ ಉಂಟು, ಹೊರಡುವ ಮುಂಚೆ ಸ್ಟೇಟ್ ಪಾರ್ಕ್‌ನವರನ್ನು ವಿಚಾರಿಸಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಬರಬಹುದು. ಎಂಟು ಗಂಟೆಗೆಲ್ಲ ಪೆಡಲ್ ಮೇಲೆ ಕಾಲಿಟ್ಟಿರಬೇಕು.

ಒಟ್ಟು ದೂರ ಸುಮಾರು 22 ಕಿಲೋಮೀಟರ್. ಮೊದಲ ಎಂಟು ಕಿಲೋಮೀಟರ್ ನಾರ್ತ್ ಕ್ಯಾನ್ಯನ್ ಏರು. ಆಸ್ಪೆನ್ ಮರಗಳ ನಡುವಿನ ಮಣ್ಣು ರಸ್ತೆ, ಕೊನೆಗೆ ಮರಳು, ಕಡಿದಾದ ಏರು. ಸಮುದ್ರಮಟ್ಟದಿಂದ ಬಂದವರಿಗೆ ಈ ಎತ್ತರದಲ್ಲಿ ಏದುಸಿರು ಬರುತ್ತದೆ. ಇಲ್ಲಿ ಎಲ್ಲರೂ ಒಟ್ಟಿಗೇ ಹೋಗಬೇಕು ಅಂತ ಹಟ ಹಿಡಿಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿರುವವನಿಗೆ ಬ್ರೇಕ್ ಹಿಡಿದು ಹಿಡಿದು ಬೇಜಾರು, ಹಿಂದಿರುವವನಿಗೆ ನಾಚಿಕೆಯಿಂದ ಮೈಮೀರಿ ತುಳಿಯುವ ಅವಸರ. ಇಬ್ಬರಿಗೂ ಕೆಡುಕು. ಬದಲಿಗೆ ಸೇರುವ ಜಾಗ ಗೊತ್ತು ಮಾಡುತ್ತೇನೆ: ಏರಿನ ತುದಿ, ಮಾರ್ಲೆಟ್ ಲೇಕ್‌ನ ಅಣೆಕಟ್ಟು, ಟನಲ್ ಕ್ರೀಕ್ ರಸ್ತೆ ಸಿಗುವ ತಿರುವು. ಅವುಗಳ ನಡುವೆ ಯಾರು ಹೇಗೆ ಬೇಕಾದರೂ ಹೋಗಲಿ. ಕೊನೆಯವರು ಬರುವವರೆಗೆ ಯಾರೂ ಆ ಜಾಗ ಬಿಟ್ಟು ಕದಲುವ ಹಾಗಿಲ್ಲ. ಕೊನೆಯವರು ಬಂದ ಮೇಲೂ ಹತ್ತು ನಿಮಿಷ ನಿಲ್ಲಬೇಕು. ಇಲ್ಲದಿದ್ದರೆ ಹೆಚ್ಚು ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗಲ್ಲ, ಅಲ್ವಾ?

ಎಲ್ಲರ ಹಿಂದೆ ನಾನೇ ಇರುತ್ತೇನೆ. ಸಂಘಟಕ ಮುಂದೆ ಇದ್ದರೆ ಏನೂ ಕಾಣುವುದಿಲ್ಲ. ರಿಪೇರಿ ಸಾಮಾನು, ಪಂಪು, ಪ್ರಥಮ ಚಿಕಿತ್ಸೆಯ ಚೀಲ ನನ್ನ ಬೆನ್ನ ಮೇಲೆ. ಒಂದು ವಸ್ತು ಮಾತ್ರ ಪ್ರತಿಯೊಬ್ಬರೂ ತಮ್ಮದನ್ನು ತರಲೇಬೇಕು: ಡಿರೈಲರ್ ಹ್ಯಾಂಗರ್. ಹಿಂದಿನ ಗೇರನ್ನು ಚೌಕಟ್ಟಿಗೆ ಸೇರಿಸುವ ಸಣ್ಣ ತುಂಡು ಅದು. ಕಲ್ಲಿಗೆ ಬಡಿದರೆ ಗೇರು ಉಳಿದು ತಾನು ಮುರಿಯಲಿ ಅಂತಲೇ ಮೆತ್ತಗೆ ಮಾಡಿರುತ್ತಾರೆ. ಒಬ್ಬರದು ಇನ್ನೊಬ್ಬರ ಸೈಕಲ್‌ಗೆ ಸಾಮಾನ್ಯವಾಗಿ ಕೂರುವುದಿಲ್ಲ. ಜೇಬಿಗೂ ಭಾರವಲ್ಲ.

ಊಟ ಮಾರ್ಲೆಟ್ ದಡದಲ್ಲಿ. ಪುಳಿಯೋಗರೆ ಕೆಡಲ್ಲ, ಉಪ್ಪು ಹುಳಿ ಖಾರ ಬೆವರಿದ ಮೈಗೆ ಹಿತ. ಜೇಬಿಗೆ ಕಡಲೆ ಮಿಠಾಯಿ, ಚಾಕೊಲೇಟಿನ ಹಾಗೆ ಕರಗುವುದಿಲ್ಲ. ನೀರು ಒಬ್ಬೊಬ್ಬರಿಗೆ ಮೂರು ಲೀಟರ್.

ಇಕ್ಕಟ್ಟಿನ ಹಾದಿ ಶುರುವಾಗುವ ಅಣೆಕಟ್ಟಿನ ಹತ್ತಿರ ಒಬ್ಬೊಬ್ಬರನ್ನೇ ಬಿಡುತ್ತೇನೆ. ಮುಂದಿನವರು ತಿರುವಿನಲ್ಲಿ ಮರೆಯಾದ ಮೇಲೆ ಇನ್ನೊಬ್ಬರು. ಬಂಡೆ ಕುಸಿದಿರುವ ಕಡೆ ಎಲ್ಲರೂ ಇಳಿಯಬೇಕು, ಎಷ್ಟೇ ನುರಿತವರಾಗಿರಲಿ. ನುರಿತವರು ಇಳಿದರೆ ಹೊಸಬರಿಗೆ ಸಂಕೋಚ ಹೋಗುತ್ತದೆ. ನಮ್ಮ ಗುಂಪಿನ ಹಿರಿಯರೊಬ್ಬರು ಒಮ್ಮೆ ಅರ್ಧ ದಾರಿ ತಳ್ಳಿಕೊಂಡೇ ಬಂದರು. "ತಡ ಆಯ್ತೇನಪ್ಪಾ?" ಅಂದರು. "ಇಲ್ಲ ಸಾರ್, ನಮಗೂ ನೋಡೋಕೆ ಟೈಮ್ ಸಿಕ್ತು" ಅಂದೆವು. ನಿಜವೂ ಅದೇ ಆಗಿತ್ತು. ಸ್ಯಾಂಡ್ ಹಾರ್ಬರ್‌ನ ಗುಂಡುಬಂಡೆಗಳು ನೀರಿನಡಿಯಲ್ಲೂ ಕಾಣುವ ಕಡೆ ನಾವೆಲ್ಲ ಕೂತಿದ್ದೆವು.

ಕೊನೆಯ ಐದು ಕಿಲೋಮೀಟರ್ ಟನಲ್ ಕ್ರೀಕ್ ಇಳಿಜಾರು. ಅಗಲ ರಸ್ತೆ ಕಂಡ ಕೂಡಲೇ ಎಲ್ಲರಿಗೂ ಬಿಡುಗಡೆಯಾದ ಹಾಗೆ ಅನ್ನಿಸಿ ಸೈಕಲ್ ಬಿಟ್ಟುಬಿಡುತ್ತಾರೆ. ನನಗೆ ಆತಂಕ ಇರುವುದು ಇಲ್ಲೇ. ಗ್ರಾನೈಟ್ ಪುಡಿಯ ಮರಳಿನಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ. ಎದುರಿಗೆ ಮಕ್ಕಳನ್ನು ಕರೆದುಕೊಂಡು ನಡೆದು ಹತ್ತುವವರು ಇರುತ್ತಾರೆ. ಅದಕ್ಕೇ ಆ ತಿರುವಿನಲ್ಲಿ ಎಲ್ಲರ ಬ್ರೇಕ್ ಪ್ಯಾಡ್ ಇಣುಕಿ ನೋಡಿ, ಸೀಟು ತಗ್ಗಿಸಿ, ಇಬ್ಬರ ನಡುವೆ ಅಂತರ ಬಿಡಿಸಿ ಕಳಿಸುತ್ತೇನೆ. ಇಲ್ಲಿ ಮಾತ್ರ ಮುಂದೆ ನಾನು ಹೋಗುತ್ತೇನೆ, ನನ್ನನ್ನು ಯಾರೂ ದಾಟುವ ಹಾಗಿಲ್ಲ.