ಬೆರಳಿಗೆ ಶಾಖ ಕೊಡುವುದು ಬಿಟ್ಟ ಮೇಲೆ ಬೆರಳು ಸಡಿಲವಾಯಿತು

ಚಳಿಯಲ್ಲಿ ಬೆರಳು ಸೆಟೆದುಕೊಂಡರೆ ಬೆರಳಿಗೇ ಶಾಖ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮೂರು ನಾಲ್ಕು ಚಳಿಗಾಲ ಅದನ್ನೇ ಮಾಡಿದೆ. ಈಗ ನಾನು ಮೊದಲು ಬಿಸಿ ಮಾಡುವುದು ಎದೆ, ಬೆನ್ನು, ತೋಳು. ಬೆರಳಿನ ಸರದಿ ಕೊನೆಗೆ. ಈ ಮಾತು ಹೇಳಿದಾಗ ಜೊತೆಯ ದರ್ಜಿಗಳು ನಕ್ಕಿದ್ದರು. ಕಳೆದ ಚಳಿಗಾಲ ಪೂರ್ತಿ ನನ್ನ ಕೈಯಿಂದಲೇ ಕಾಜಾ, ಅಂದರೆ ಗುಂಡಿ ತೂತಿನ ಹೊಲಿಗೆ, ಹಾಕಿದ್ದೇನೆ. ಒಂದು ಕೋಟನ್ನೂ ಹೊರಗೆ ಕೊಟ್ಟಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಸವೆತದ ಸಂಧಿವಾತ. ಬಲಗೈ ಹೆಬ್ಬೆರಳ ಬುಡ, ಎರಡೂ ಕೈ ಬೆರಳುಗಳ ತುದಿಯ ಗೆಣ್ಣು, ಎಡ ಮಂಡಿ. ವೈದ್ಯರು ನೋಡಿ ಹೇಳಿದ್ದು. ಬೆಳಗಿನ ಬಿಗಿತ ಸುಮಾರು 20-25 ನಿಮಿಷ ಇರುತ್ತಿತ್ತು. ಗಂಟೆಗಟ್ಟಲೆ ಬಿಗಿತ ಬಿಡದವರು, ಗೆಣ್ಣು ಊದಿ ಕೆಂಪಾಗಿ ಮುಟ್ಟಿದರೆ ಬಿಸಿ ಹತ್ತುವವರು ನನ್ನ ದಾರಿ ಹಿಡಿಯಬೇಡಿ. ಅದು ಬೇರೆಯೇ ಕಾಯಿಲೆ ಇರಬಹುದು, ಔಷಧವೂ ಬೇರೆ.

ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ ಹೆಚ್ಚುಕಡಿಮೆ ಒಂದು ವರ್ಷ ನುಂಗಿದೆ. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಯಂತ್ರವೇ ಬರುತ್ತಿತ್ತು. ಗುಣ ಏನೂ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, 2006ರಲ್ಲೇ ಅಮೆರಿಕದಲ್ಲಿ ಮಂಡಿನೋವಿನ ಸುಮಾರು 1,600 ಜನರ ಮೇಲೆ ದೊಡ್ಡ ಪರೀಕ್ಷೆ ಆಗಿತ್ತು. ಒಟ್ಟಾರೆ ನೋಡಿದರೆ ಗ್ಲುಕೋಸಮೈನ್, ಅಂಥದ್ದೇ ಇನ್ನೊಂದು ಮಾತ್ರೆ ಕಾಂಡ್ರಾಯ್ಟಿನ್, ಎರಡೂ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಅಂತ ಬಂದಿತ್ತು.

ಮುಂದಿನದು ಪ್ಯಾರಾಫಿನ್ ಮೇಣದ ಪೆಟ್ಟಿಗೆ. ಇದರ ಬಗ್ಗೆ ನ್ಯಾಯವಾಗಿ ಹೇಳಬೇಕು, ಮೇಣ ಕೆಲಸ ಮಾಡುತ್ತದೆ. 52-54 ಡಿಗ್ರಿಯ ಮೇಣದಲ್ಲಿ ಎಂಟ್ಹತ್ತು ಸಲ ಅದ್ದಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಟವೆಲ್ ಹೊದಿಸಿ ಕಾಲು ಗಂಟೆ ಕೂತರೆ ಕೈ ಹಗುರವಾಗುತ್ತದೆ. ಆದರೆ ನನ್ನ ಕೈಯಲ್ಲಿ ಆ ಸುಖ ಮುಕ್ಕಾಲು ಗಂಟೆ ಮೀರಿ ನಿಲ್ಲಲಿಲ್ಲ. ಕತ್ತರಿಸುವ ಮೇಜಿಗೆ ಬಂದು ಎರಡು ಪ್ಯಾಂಟ್ ಕತ್ತರಿಸುವಷ್ಟರಲ್ಲಿ ಮತ್ತೆ ಅದೇ ಕಥೆ. ಅದಕ್ಕಿಂತ ದೊಡ್ಡ ತೊಂದರೆ ಎಣ್ಣೆ. ಮೇಣಕ್ಕೆ ಬೆರೆಸಿದ ಎಣ್ಣೆ ಬೆರಳಿಗೆ ಅಂಟಿಕೊಂಡು ತಿಳಿ ಬಣ್ಣದ ಸೂಟಿನ ಬಟ್ಟೆ ಮುಟ್ಟುವಂತಿರಲಿಲ್ಲ. ಎಷ್ಟು ಸೋಪು ಹಾಕಿದರೂ ಭಯ. ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಮಾರಿದೆ.

ಬ್ಯಾಟರಿ ಕೈಗವಸು ಹಾಕಿಕೊಂಡರೆ ಸೂಜಿ ಹಿಡಿಯಲಾಗುವುದಿಲ್ಲ, ಅಲ್ಲಿಗೆ ಅದು ಮುಗಿಯಿತು. ಮೆಣಸಿನಕಾಯಿ ಸತ್ವದ ಕ್ಯಾಪ್ಸೇಸಿನ್ ಮುಲಾಮು ಕೆಲವರಿಗೆ ಒಗ್ಗುತ್ತದೆ. ಆದರೆ ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಬಿಡದೆ ಹಚ್ಚಬೇಕು. ದಾರ ಪೋಣಿಸುವಾಗ ಕಣ್ಣು ಉಜ್ಜಿಕೊಳ್ಳುವ ನಮ್ಮಂಥವರಿಗೆ ಅದು ಬೇಡ. ಅದರ ಮೇಲೆ ಶಾಖವನ್ನಂತೂ ಕೊಡಲೇಬಾರದು, ಉರಿ ತಡೆಯಲಾಗುವುದಿಲ್ಲ. ವೈದ್ಯರು ಬರೆದುಕೊಟ್ಟ ಡೈಕ್ಲೋಫೆನಾಕ್ ಜೆಲ್ ಮಾತ್ರ ಉಳಿಸಿಕೊಂಡಿದ್ದೇನೆ. ತುಂಬಾ ಕಾಡುವ ದಿನ ಹೆಬ್ಬೆರಳ ಬುಡಕ್ಕೆ ಹಚ್ಚುತ್ತೇನೆ.

ಈಗ ನನ್ನ ಲೆಕ್ಕ ಬದಲಾದದ್ದು ಹೇಗೆ ಅಂತ ಹೇಳುತ್ತೇನೆ. ಬಟ್ಟೆಯ ಥಾನುಗಳು ಬಂದ ದಿನ ಬೆಳಿಗ್ಗೆಯೇ ಅವನ್ನು ಹೊತ್ತು ಮಹಡಿಗೆ ಏರಿಸಬೇಕು. ಆ ದಿನ ಯಾವ ಶಾಖವೂ ಇಲ್ಲದೆ ಬೆರಳು ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಮೊದಮೊದಲು ಗಮನಿಸಲಿಲ್ಲ. ಮತ್ತೆ ಮತ್ತೆ ಆದಾಗ ಯೋಚಿಸಿದೆ. ಮೈಗೆ ಚಳಿ ಹತ್ತಿದರೆ ದೇಹ ಎದೆ ಹೊಟ್ಟೆಯ ಬಿಸಿ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆನ್ನು ನಡುಗುತ್ತಿರುವಾಗ ಬೆರಳಿಗೆ ಎಷ್ಟು ಶಾಖ ಕೊಟ್ಟರೆ ಏನು ಬಂತು? ಒಳಗಿನಿಂದ ರಕ್ತ ಸಾಕಷ್ಟು ಬರುವುದಿಲ್ಲ, ಹೊರಗಿನ ಬಿಸಿ ಆರಿಹೋಗುತ್ತದೆ. ಇನ್ನೊಂದು ವಿಷಯ, ಬೆರಳನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ. ಮೊಣಕೈಯಿಂದ ಮಣಿಕಟ್ಟಿನ ನಡುವೆ ಇವೆ. ಚಳಿಗೆ ಅಲ್ಲಿ ಬಿಗಿಯಾದರೆ ಬೆರಳೂ ಬಿಗಿಯೇ.

ಹಾಗಾಗಿ ಕೆಲಸ ಹಾಸಿಗೆಯಲ್ಲೇ ಶುರುವಾಗುತ್ತದೆ. ಹೊದಿಕೆ ತೆಗೆಯದೆ ತೊಡೆಯ ಸ್ನಾಯು ಬಿಗಿ ಹಿಡಿದು ಐದು ಎಣಿಸಿ ಬಿಡುವುದು, ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿ ಎಳೆದುಕೊಳ್ಳುವುದು, ಭುಜ ತಿರುಗಿಸುವುದು. ತಲಾ ಹತ್ತು ಹದಿನೈದು ಸಲ. ಎದ್ದ ತಕ್ಷಣ ಮೈಗೆ ಅಂಟುವ ಬನಿಯನ್, ಮೇಲೆ ಹತ್ತಿ ತುಂಬಿದ ತೋಳಿಲ್ಲದ ಜಾಕೆಟ್, ಕುತ್ತಿಗೆಗೆ ಬಟ್ಟೆ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಹತ್ತು ಹನ್ನೆರಡು ಸಲ, ಎರಡು ಸುತ್ತು. ಉಸಿರು ಸ್ವಲ್ಪ ಏರಬೇಕು, ಬೆನ್ನು ಬೆಚ್ಚಗಾಗಬೇಕು. ಅಲ್ಲಿಯವರೆಗೆ ಬೆರಳಿನ ತಂಟೆಗೇ ಹೋಗುವುದಿಲ್ಲ. ಆಮೇಲೆ ಬೆರಳುಗಳನ್ನು ಒಂದಾದ ಮೇಲೊಂದು ಐದು ಆಕಾರಕ್ಕೆ ತರುವುದು: ನೇರ, ಕೊಕ್ಕೆ (ಬುಡ ನೇರ, ಮೇಲಿನ ಗೆಣ್ಣು ಮಡಚಿ), ಮೇಜು (ಬುಡದಲ್ಲಿ ಮಾತ್ರ ಮಡಚಿ), ಚಪ್ಪಟೆ ಮುಷ್ಟಿ (ತುದಿಯ ಗೆಣ್ಣು ಮಡಚದೆ), ಪೂರ್ತಿ ಮುಷ್ಟಿ. ಎಲ್ಲ ಸೇರಿ 20 ನಿಮಿಷ.

ಕೆಲಸದ ಹೊತ್ತಿಗೆ ತೋಳುಪಟ್ಟಿ. ಹಳೆ ಉಣ್ಣೆ ಸ್ವೆಟರಿನ ತೋಳು ಕತ್ತರಿಸಿ, ಮೊಣಕೈಯಿಂದ ಬೆರಳ ಬುಡದವರೆಗೆ ಬರುವ ಹಾಗೆ ಹೊಲಿದುಕೊಂಡೆ. ಒಳಮೈ ಕಡೆ ಎರಡು ಪದರ. ಹೆಬ್ಬೆರಳ ಬುಡಕ್ಕೆ ಆಸರೆಯಾಗಿ ಒಂದು ಅಡ್ಡ ಮಡಿಕೆ ಕೊಡುತ್ತೇನೆ. ಅದನ್ನು ಎಲ್ಲಿ, ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಅದು ನನ್ನ ಸ್ವಂತದ್ದು, ಕೈ ಅಳತೆ ನೋಡಿಯೇ ಹಾಕಬೇಕಾದದ್ದು. ಹೊಲಿಗೆ ಬಲ್ಲವರು ನಾಲ್ಕು ಸಲ ಬಿಚ್ಚಿ ಹಾಕಿದರೆ ಸಿಕ್ಕೇ ಸಿಗುತ್ತದೆ.

ನನಗಿಂತ ಹಿರಿಯ ದರ್ಜಿಯೊಬ್ಬರು, "ಸವೆದ ಕೀಲನ್ನು ಆಡಿಸಿದರೆ ಇನ್ನೂ ಸವೆಯುತ್ತೆ ಕಣಯ್ಯ, ಸುಮ್ನೆ ಕೈ ಕಟ್ಟಿ ಕೂತ್ಕೋ" ಅಂದಿದ್ದರು. ಕೀಲಿನ ಮೃದು ಮೂಳೆಗೆ ಸ್ವಂತ ರಕ್ತನಾಳ ಇಲ್ಲ. ಒತ್ತಿ ಬಿಟ್ಟಾಗ ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ. ಆ ದ್ರವ ಚಳಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಹಾಗೆ ಮಂದವಾಗುತ್ತದೆ, ಯಂತ್ರವನ್ನು ನಾಲ್ಕು ಸುತ್ತು ಕೈಯಲ್ಲಿ ತಿರುಗಿಸಿದ ಮೇಲೇ ಸಡಿಲ. ಈಗ ಅವರೂ ತೋಳುಪಟ್ಟಿ ಹೊಲಿಸಿಕೊಂಡು ಹೋಗಿದ್ದಾರೆ.

ಕತ್ತರಿಯ ಮೇಲೂ ಪ್ರಯೋಗ ಮಾಡಿದೆ. ರಾತ್ರಿಯಿಡೀ ತಣ್ಣಗೆ ಬಿದ್ದ ಉಕ್ಕಿನ ಕತ್ತರಿ ಹಿಡಿದರೆ ಅಂಗೈಯ ಬಿಸಿ ಪೂರ್ತಿ ಎಳೆದುಕೊಳ್ಳುತ್ತದೆ. ಈಗ ಇಸ್ತ್ರಿಪೆಟ್ಟಿಗೆ ಕಾಯುವಾಗ ಅದರ ಪಕ್ಕದಲ್ಲೇ ಕತ್ತರಿ ಇಡುತ್ತೇನೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆ. ದಪ್ಪ ಹಿಡಿಯನ್ನು ಹೆಬ್ಬೆರಳು ಕಮ್ಮಿ ಬಲದಲ್ಲಿ ಹಿಡಿಯುತ್ತದೆ. ಸಾಣೆ ಹಿಡಿಸುವುದನ್ನು ತಿಂಗಳಿಗೆ ಒಂದರಿಂದ ಎರಡು ಸಲಕ್ಕೆ ಏರಿಸಿದೆ. ಹೇಳಿದರೆ ನಂಬುವುದಿಲ್ಲ, ಹೆಬ್ಬೆರಳಿಗೆ ಎಲ್ಲ ಮುಲಾಮಿಗಿಂತ ಜಾಸ್ತಿ ಆರಾಮ ಸಿಕ್ಕಿದ್ದು ಆ ಸಾಣೆಯಿಂದ.

ಮಂಡಿಗೆ ಇನ್ನೊಂದು. ಮೋಟಾರ್ ಯಂತ್ರ ಬಿಟ್ಟು ಬೆಳಗಿನ ಮೊದಲ ಗಂಟೆ ಹಳೆ ಪೆಡಲ್ ಯಂತ್ರದಲ್ಲೇ ಹೊಲಿಯುತ್ತೇನೆ. ಪಾದ, ಮಂಡಿ ಸಣ್ಣದಾಗಿ ಆಡುತ್ತಲೇ ಇರುತ್ತವೆ. ಬಿಸಿನೀರಿನ ಚೀಲಕ್ಕಿಂತ ಇದು ಎಷ್ಟೋ ವಾಸಿ. ಚೀಲವನ್ನು ದಿನಾ ಒಂದೇ ಕಡೆ ಇಟ್ಟು ಇಟ್ಟು ನನ್ನ ತೊಡೆಯ ಮೇಲೆ ಕಂದು ಗೆರೆಗಳ ಬಲೆಯೇ ಮೂಡಿತ್ತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಮ್ಮಿಯಾದವರು ಇನ್ನೂ ಹುಷಾರಾಗಿರಬೇಕು, ಸುಟ್ಟರೂ ಗೊತ್ತಾಗುವುದಿಲ್ಲ.

ಹವೆಯ ಬಗ್ಗೆ ಒಂದು ಮಾತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,600ಕ್ಕೂ ಹೆಚ್ಚು ಜನ ದಿನದಿನದ ನೋವನ್ನು ಫೋನಿನಲ್ಲಿ ದಾಖಲಿಸಿದ್ದರು. ಗಾಳಿಯಲ್ಲಿ ತೇವ ಜಾಸ್ತಿ, ಒತ್ತಡ ಕಮ್ಮಿ, ಗಾಳಿ ಜೋರು ಇದ್ದ ದಿನ ನೋವು ಸ್ವಲ್ಪ ಹೆಚ್ಚು. ಬರೀ ತಾಪಮಾನಕ್ಕೆ ಅಂಥ ನಂಟು ಕಾಣಲಿಲ್ಲ. ನನ್ನ ಮೈಯೂ ಅದನ್ನೇ ಹೇಳುತ್ತದೆ. ಒಣ ಚಳಿ 8 ಡಿಗ್ರಿ ಇದ್ದರೂ ನಡೆಯುತ್ತದೆ, ಜಿನುಗುವ 15 ಡಿಗ್ರಿ ಕಷ್ಟ. ಅಂಥ ದಿನ ಕುರ್ಚಿಯ ಸುತ್ತು ಮೂರು ಮಾಡುತ್ತೇನೆ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ.

ಫಲ ಕಾಣಲು ಒಂದೂವರೆ ತಿಂಗಳಾದರೂ ಬೇಕು. ಮೊದಲು ಬೆಳಿಗ್ಗೆ ಮುಷ್ಟಿ ಕಟ್ಟಿದರೆ ಬೆರಳ ತುದಿಗೂ ಅಂಗೈಗೂ ಒಂದಿಂಚು ಸಂದು ಉಳಿಯುತ್ತಿತ್ತು, ಟೇಪಿನಲ್ಲಿ ಅಳೆದದ್ದು. ಈಗ ತಾಗುತ್ತದೆ. ಮಧ್ಯಾಹ್ನದೊಳಗೆ ಗಂಟೆಗೆ ಮೂರು ಕಾಜಾ ಆಗುತ್ತಿದ್ದದ್ದು ಈಗ ಆರರ ಹತ್ತಿರ ಇದೆ. ಖರ್ಚು? ಹಳೆ ಸ್ವೆಟರ್, ಒಂದಿಷ್ಟು ಹತ್ತಿ, ಟ್ಯೂಬು, ಸಾಣೆ ಕೂಲಿ. ಒಂದು ಡಬ್ಬಿ ಮಾತ್ರೆಯ ದುಡ್ಡೂ ಆಗಲಿಲ್ಲ.

ಎಡ ಮಂಡಿ ಮೆಟ್ಟಿಲು ಇಳಿಯುವಾಗ ಇನ್ನೂ ತಕರಾರು ಮಾಡುತ್ತದೆ. ನಾಲ್ಕಿಂಚು ಎತ್ತರದ ಹಲಗೆಯಿಂದ ಗೋಡೆ ಹಿಡಿದು ನಿಧಾನವಾಗಿ ಇಳಿಯುವ ಅಭ್ಯಾಸ ಈಗಷ್ಟೇ ಶುರು ಮಾಡಿದ್ದೇನೆ. ಆರಿಂಚಿನ ಹಲಗೆಯನ್ನೂ ಮಾಡಿಸಿಟ್ಟಿದ್ದೇನೆ, ಚಳಿ ಮುಗಿಯುವುದರೊಳಗೆ ಅದಕ್ಕೆ ಏರಬೇಕು.