ಕಬಿನಿ ಯಾಕೆ, ಕಾಂಪೌಂಡ್ ಸಾಕು: ದಿನಾ ಕಾಣುವ ಹಕ್ಕಿಗಳ ಫೋಟೊ ತೆಗೆಯುವುದು ಹೇಗೆ?

ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನು ಮೂರು ಸಲ ಕಬಿನಿಗೆ ಹೋಗಿದ್ದೆ. ಜೀಪಿಗೆ, ರೂಮಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಿಕ್ಕಿದ್ದು ದೂರದ ಮರದಲ್ಲಿ ಚುಕ್ಕಿಯ ಹಾಗೆ ಕೂತ ಒಂದು ಹದ್ದು, ಅಷ್ಟೇ. ಆಮೇಲೆ ಆರು ತಿಂಗಳು ಕ್ಯಾಮೆರಾ ಬೀರುವಿನಲ್ಲೇ ಇತ್ತು.

ಅದನ್ನು ಹೊರಗೆ ತೆಗೆಸಿದ್ದು ಮೈಸೂರಿನ ನಮ್ಮ ಮನೆ ಕಾಂಪೌಂಡ್ ಮೇಲೆ ದಿನಾ ಬಂದು ಕೂರುತ್ತಿದ್ದ ಪಿಕಳಾರ. ತಲೆ ಮೇಲೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು, ಬಾಲದ ಬುಡದಲ್ಲೂ ಕೆಂಪು. ಎಷ್ಟೋ ವರ್ಷದಿಂದ ಆ ಹಕ್ಕಿಯನ್ನು ನೋಡುತ್ತಿದ್ದೆ. ಕೆನ್ನೆಯ ಕೆಂಪು ಮಾತ್ರ ಕಣ್ಣಿಗೆ ಬಿದ್ದೇ ಇರಲಿಲ್ಲ!

ಮೊದಲು ಒಂದೇ ಹಕ್ಕಿ

ಒಂದು ತಿಂಗಳಿಗೆ ಒಂದೇ ಹಕ್ಕಿ ಆರಿಸಿಕೊಳ್ಳಿ. ಕಾಗೆ, ಮೈನಾ, ಪಿಕಳಾರ, ಸೂರಕ್ಕಿ, ಮಡಿವಾಳ ಹಕ್ಕಿ, ಯಾವುದಾದರೂ ಸರಿ. ದಿನಾ ಬರಬೇಕು, ಅದೊಂದೇ ಷರತ್ತು. ಕಾಗೆ ಅಂದರೆ ಮೂಗು ಮುರಿಯಬೇಡಿ. ಕತ್ತು ಬೂದಿ ಬಣ್ಣ ಇದ್ದರೆ ಊರ ಕಾಗೆ, ಮೈಯೆಲ್ಲ ಕಪ್ಪಿದ್ದರೆ ಕಾಡು ಕಾಗೆ. ಎರಡೂ ನಮ್ಮ ಬೀದಿಯಲ್ಲೇ ಇವೆ. "ಕಾಗೇದು ಫೋಟೊ ತೆಗೀತೀಯಲ್ಲಪ್ಪಾ, ಏನಕ್ಕೆ?" ಅಂತ ಪಕ್ಕದ ಮನೆ ಅಜ್ಜಿ ಕೇಳಿದ್ದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ವಾರ ಕ್ಯಾಮೆರಾ ಮುಟ್ಟಬೇಡಿ

ಕಷ್ಟ, ಗೊತ್ತು. ಆದರೂ ಒಂದು ವಾರ ಬೆಳಿಗ್ಗೆ 15 ನಿಮಿಷ ಸುಮ್ನೆ ಕೂತು ನೋಡಿ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲೂ ಹಕ್ಕಿ ಎಣಿಸುವವರು ಕಡಿಮೆ ಅಂದರೂ 15 ನಿಮಿಷ ನೋಡಬೇಕು. ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕೊಂಬೆ ಮೇಲೆ ಮೊದಲು ಕೂರುತ್ತದೆ, ಯಾವ ಕಡೆಗೆ ಹಾರುತ್ತದೆ, ಬರೆದಿಡಿ. ಹಳೇ ಕ್ಯಾಲೆಂಡರಿನ ಹಿಂದೆ ಬರೆದರೂ ನಡೆಯುತ್ತದೆ.

ನಾಲ್ಕನೇ ದಿನದ ಹೊತ್ತಿಗೆ ಹಕ್ಕಿಯ ಅಭ್ಯಾಸ ನಿಮಗೆ ಗೊತ್ತಾಗಿರುತ್ತದೆ. ಕಾಜಾಣವನ್ನೇ ನೋಡಿ. ಕರೆಂಟ್ ತಂತಿ ಮೇಲೆ ಕೂತಿರುತ್ತದೆ. ಚಂಗನೆ ಹಾರಿ ಹುಳ ಹಿಡಿದು, ಮತ್ತೆ ಬಹುಪಾಲು ಅದೇ ಜಾಗಕ್ಕೆ ಬರುತ್ತದೆ. ಕಳ್ಳಿಪೀರವೂ ಹಾಗೇ. ಜೇನುಹುಳ ಹಿಡಿದು ತಂದು, ಕೊಂಬೆಗೆ ಟಪಟಪ ಬಡಿದು, ಆಮೇಲೆ ನುಂಗುತ್ತದೆ. ಇದು ಗೊತ್ತಿದ್ದವರು ಹಕ್ಕಿಯ ಹಿಂದೆ ಓಡುವುದಿಲ್ಲ. ಖಾಲಿ ಕೊಂಬೆಗೆ ಫೋಕಸ್ ಮಾಡಿಕೊಂಡು ಕಾಯುತ್ತಾರೆ. ಇನ್ನೊಂದು ಗುಟ್ಟು, ಸ್ವಲ್ಪ ಗಲೀಜು: ಕೂತ ಹಕ್ಕಿ ಹಿಕ್ಕೆ ಹಾಕಿತು ಅಂದರೆ ಹಾರುವುದಕ್ಕೆ ಸಿದ್ಧವಾಗಿರಬಹುದು. ಬೆರಳು ಬಟನ್ ಮೇಲೇ ಇರಲಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ತೆಂಗಿನ ಗರಿ ಯಾವ ಕಡೆ ವಾಲುತ್ತಿದೆ ನೋಡಿಕೊಂಡರೆ ಹಕ್ಕಿ ಹಾರುವ ದಿಕ್ಕನ್ನು ಊಹಿಸಬಹುದು.

ಜಾಗ ಮತ್ತು ಬೆಳಕು

ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕೂವರೆ ನಂತರ. ಸೂರ್ಯ ನಿಮ್ಮ ಬೆನ್ನಿಗಿರಲಿ. ಹಕ್ಕಿ ನೆಲದ ಮೇಲಿದ್ದರೆ ನೀವೂ ನೆಲಕ್ಕೆ ಕೂರಿ. ಹಕ್ಕಿಯ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಬಂದರೆ ಸಾಮಾನ್ಯ ಮೈನಾ ಕೂಡ ರಾಜನ ಹಾಗೆ ಕಾಣುತ್ತದೆ. ಬಟ್ಟೆ ಕೊಳೆಯಾಗುತ್ತದೆ, ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಇರಲಿ ಬಿಡಿ.

ಹಕ್ಕಿ ಬರಲಿ ಅಂತ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಡಿ. ದಿನಾ ತೊಳೆದು ನೀರು ಬದಲಿಸಿ. ಬೀದಿಯಲ್ಲಿ ಗಸಗಸೆ ಹಣ್ಣಿನ ಮರ ಇದ್ದರಂತೂ ನಿಮ್ಮ ಅದೃಷ್ಟ. ಪಿಕಳಾರ, ಕುಟ್ರ ಹಕ್ಕಿ, ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ, ಎಲ್ಲ ಅಲ್ಲಿಗೇ ಬರುತ್ತವೆ.

ಸೆಟ್ಟಿಂಗ್

ಕೂತ ಹಕ್ಕಿಗೆ ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/500 ಸೆಕೆಂಡ್ ಇದ್ದರೆ ಶುರು ಮಾಡಬಹುದು. ದಾಸವಾಳದ ಸುತ್ತ ಒಂದು ಕ್ಷಣ ನಿಲ್ಲದ ಸೂರಕ್ಕಿಗೆ 1/1600, ಹಾರುವ ಹಕ್ಕಿಗೆ 1/2000. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಆಟೋ ಇಟ್ಟು, 3200ರವರೆಗೆ ಬಿಡಿ. ಸ್ವಲ್ಪ ಕಾಳುಕಾಳಾಗಿ ಬಂದರೂ ಚಿಂತೆಯಿಲ್ಲ, ಅಲುಗಾಡಿದ ಫೋಟೊಗಿಂತ ಅದೇ ವಾಸಿ. ಫೋಕಸ್ ಯಾವತ್ತೂ ಕಣ್ಣಿಗೆ. 70-300 ಎಂಎಂ ಜೂಮ್ ಲೆನ್ಸ್ ಆರಂಭಕ್ಕೆ ಸಾಕು. ದೊಡ್ಡ ಲೆನ್ಸಿಗೆ ಸಾಲ ಮಾಡಬೇಡಿ, ನನ್ನ ಕಥೆ ಕೇಳಿದಿರಲ್ಲ.

ಎಲ್ಲರೂ ಎಡವುವುದು ಕಪ್ಪು, ಬಿಳಿ ಹಕ್ಕಿಗಳಲ್ಲಿ. ತಂತಿ ಮೇಲಿನ ಕಾಜಾಣದ ಹಿಂದೆ ಬೆಳ್ಳನೆ ಆಕಾಶ ಇರುತ್ತದೆ. ಕ್ಯಾಮೆರಾ ಆ ಆಕಾಶ ನೋಡಿ ಬೆಳಕು ಜಾಸ್ತಿಯಾಯಿತು ಅಂದುಕೊಂಡು ತಗ್ಗಿಸುತ್ತದೆ. ಹಕ್ಕಿ ಮಸಿ ಮುದ್ದೆಯಾಗುತ್ತದೆ. ಆಗ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು, ಅಂದರೆ ಫೋಟೊದ ಬೆಳಕನ್ನು ನಾವೇ ಏರಿಸಿ ಇಳಿಸುವ ಸೆಟ್ಟಿಂಗನ್ನು, +1ಕ್ಕೆ ಏರಿಸಿ. ಹಸಿರು ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಗೆ ಇದರ ಉಲ್ಟಾ. ಕಡು ಹಿನ್ನೆಲೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ರೆಕ್ಕೆಯ ಗರಿಗಳೇ ಕಾಣದ ಹಾಗೆ ಬೆಳ್ಳಗೆ ಸುಟ್ಟುಹೋಗುತ್ತದೆ. ಅಲ್ಲಿ -1ಕ್ಕೆ ಇಳಿಸಿ. ಇದೊಂದು ಕಲಿತರೆ ಅರ್ಧ ಗೆದ್ದಂತೆ.

ಬರೀ ಮೊಬೈಲ್ ಇದೆಯಾ? ಜೂಮ್ ಮಾಡಬೇಡಿ, ಚಿತ್ರ ಕೆಡುತ್ತದೆ. ಹಕ್ಕಿ ಚಿಕ್ಕದಾಗೇ ಇರಲಿ, ಸುತ್ತಲಿನ ಜಾಗವೂ ಬರಲಿ. ಎಮ್ಮೆ ಬೆನ್ನ ಮೇಲಿನ ಕಾಜಾಣ, ಉಳುವ ಟ್ರ್ಯಾಕ್ಟರ್ ಹಿಂದಿನ ಗೋವಕ್ಕಿಗಳ ಸಾಲು, ಹೋಟೆಲ್ ಟೇಬಲ್ ಕೆಳಗಿನ ಗುಬ್ಬಚ್ಚಿ, ಇವಕ್ಕೆಲ್ಲ ಮೊಬೈಲೇ ಒಳ್ಳೆಯದು.

ಮಾಡಬಾರದ್ದು

ಗೂಡಿನ ಹತ್ತಿರ ಹೋಗಬೇಡಿ. ಎಲೆ ಸರಿಸಿದರೆ ಕಾಗೆಗೂ ಬೆಕ್ಕಿಗೂ ದಾರಿ ತೋರಿಸಿದ ಹಾಗೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂದ ಅಂದುಕೊಂಡು ಅದು ತಿನ್ನುವುದು ಬಿಟ್ಟು ಹುಡುಕಾಡುತ್ತದೆ.

ರಾತ್ರಿಯ ಕೆಲಸ

200 ಫೋಟೊ ತೆಗೆದರೆ ಐದು ಇಟ್ಟುಕೊಳ್ಳಿ. ಮಿಕ್ಕಿದ್ದನ್ನು ಅಳಿಸುವ ಮುಂಚೆ ಒಂದು ಸಲ ನೋಡಿ. ತಪ್ಪು ಯಾವುದು ಅಂತ ಅವೇ ಹೇಳುತ್ತವೆ. ಪ್ರತಿ ಫೋಟೊಗೆ ತಾರೀಕು ಇರಲಿ.

ತಾರೀಕು ಯಾಕೆ ಅಂತ ನನಗೆ ತಿಳಿದಿದ್ದು ಕುಕ್ಕರಹಳ್ಳಿ ಕೆರೆಯ ಕೊಳದ ಬಕದಿಂದ. ಜನವರಿಯಲ್ಲಿ ಅದು ಕೆಸರಿನ ಬಣ್ಣದ, ಗೆರೆಗೆರೆಯ ಹಕ್ಕಿ. ದಡದಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ, ಹಾರಿದಾಗ ಮಾತ್ರ ರೆಕ್ಕೆ ಬೆಳ್ಳಗೆ ಬಿಚ್ಚಿಕೊಳ್ಳುತ್ತದೆ. ಮಳೆಗಾಲ ಬಂತು ಅಂದರೆ ಬೆನ್ನಿಗೆ ದ್ರಾಕ್ಷಿ ಬಣ್ಣ ಬರುತ್ತದೆ, ತಲೆಯಿಂದ ಉದ್ದನೆ ಗರಿ ಇಳಿಬೀಳುತ್ತದೆ. ಜನವರಿಯದ್ದು, ಜೂನಿನದ್ದು, ಎರಡೂ ಫೋಟೊ ಪಕ್ಕ ಪಕ್ಕ ಇಟ್ಟು ಅಜ್ಜಿಗೆ ತೋರಿಸಿದೆ. ಎರಡೂ ಒಂದೇ ಜಾತಿ ಅಂದರೆ ಅವರು ನಂಬಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೂ ಹಲ್ಲುಜ್ಜುತ್ತಿದ್ದೆ. ಗೇಟಿನ ಹತ್ತಿರ ಅವರದೇ ಧ್ವನಿ, ಅದೂ ಪಿಸುಮಾತಿನಲ್ಲಿ: "ಬೇಗ ಬಾರಪ್ಪಾ, ನಲ್ಲಿ ಹತ್ರ ಏನೋ ಕೂತಿದೆ."